ಮುಖಗೊಡದಮ್ಮನ ಕೋಡಿ

ಸೀಗಲಹಟ್ಟಿಗೂ ಮಾಳಗೊಂಡನಹಳ್ಳಿಗೂ ನಡುವೆ ಇರುವುದು ಒಂದೇ ಕೆರೆ. ಬಯಲುಸೀಮೆಯ ಎಲ್ಲ ಕೆರೆಗಳಂತೆ ಅದೂ ವರ್ಷದಲ್ಲಿ ಕೆಲವು ಕಾಲ ನೀರಾಗಿ, ಕೆಲವು ಕಾಲ ಬಿರುಕುಬಿಟ್ಟ ಮಣ್ಣಾಗಿ ಬಿದ್ದಿರುತ್ತದೆ. ಬಡಗಣಕ್ಕೆ, ನೀರು ಹರಿದುಬರುವ ಕಡೆ, ಸೀಗಲಹಟ್ಟಿ. ತೆಂಕಣಕ್ಕೆ, ಏರಿಯ ಕೆಳಗೆ, ತೂಬಿನ ನೀರಿನಲ್ಲಿ ಭತ್ತ ಬೆಳೆಯುವ ಮಾಳಗೊಂಡನಹಳ್ಳಿ. ಏರಿಯ ಮೇಲೆ ಪಡುವಣ ದಿಕ್ಕಿಗೆ ನಡೆಯುತ್ತ ಹೋದರೆ ಅದು ಒಂದು ಬಂಡೆಗುಡ್ಡಕ್ಕೆ ತಾಗಿ ನಿಲ್ಲುತ್ತದೆ. ಆ ಬಂಡೆಗೂ ಏರಿಗೂ ನಡುವೆ, ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಬೀಳುವ ಕೋಡಿ ಇದೆ. ಕೋಡಿಯ ಪಕ್ಕದಲ್ಲಿ ಕೂತ ಹೆಂಗಸಿನ ಅಳತೆಯ ಒಂದು ಕಲ್ಲು. ಸೂರಿಲ್ಲ, ಗೋಡೆಯಿಲ್ಲ, ಪೂಜಾರಿಯೂ ಇಲ್ಲ. ಕಲ್ಲಿನ ಮುಖ ಬಂಡೆಯ ಕಡೆಗಿದೆ, ನಡುವೆ ಅಂಗೈ ತೂರಿಸುವಷ್ಟೂ ಜಾಗವಿಲ್ಲ. ಬಂದವರಿಗೆ ಕಾಣುವುದು ಬೆನ್ನು ಮಾತ್ರ. ಅರಿಶಿನ ಹಚ್ಚುವುದೂ ಬೆನ್ನಿಗೆ, ಹೂ ಇಡುವುದೂ ಬೆನ್ನಿಗೆ. ಹೊಸಬರು ಯಾರಾದರೂ ಮುಖ ನೋಡುವ ಆಸೆಯಿಂದ ಬಂಡೆಯ ಸಂದಿಗೆ ಇಣುಕಿದರೆ ಅಲ್ಲಿ ಬಟ್ಟೆ ಒಗೆಯುವ ಮುದುಕಿಯರು ಸುಮ್ಮನಿರುವುದಿಲ್ಲ. “ಏನಪ್ಪಾ ಇಣುಕ್ತೀಯ? ತೋರಿಸಬೇಕು ಅಂತ ಇದ್ದಿದ್ರೆ ಅವಳೇ ತೋರಿಸ್ತಿದ್ಲು,” ಎಂದು ಗದರುತ್ತಾರೆ. ಆ ಕಲ್ಲಿಗೆ ಮುಖಗೊಡದಮ್ಮ ಎಂದು ಹೆಸರು. ಕೋಡಿಗೂ ಅದೇ ಹೆಸರು ನಿಂತಿದೆ.

ಹೆಸರು ಕೇಳಿದೊಡನೆ ಕೈ ಮುಗಿಯುವವರು ಸ್ವಲ್ಪ ತಡೆಯಬೇಕು. ಎರಡು ಊರಿನ ಹಟಮಾರಿ ಜನ ಒಬ್ಬ ಹೆಣ್ಣುಮಗಳನ್ನು ಏನು ಮಾಡಿದರು ಎನ್ನುವ ಕಥೆ ಇದು. ಎರಡು ಊರಿನವರೂ ಇದನ್ನು ಹೇಳುತ್ತಾರೆ, ಹೇಳುವಾಗ ತಮ್ಮ ಊರಿನ ತಪ್ಪನ್ನು ಮೆಲ್ಲಗೆ ನುಂಗಿಕೊಂಡು ಆಚೆಯವರದನ್ನು ಮಾತ್ರ ಬಾಯ್ತುಂಬ ಹೇಳುತ್ತಾರೆ. ಎರಡನ್ನೂ ಕೇಳಿ ಪಕ್ಕಪಕ್ಕ ಇಟ್ಟರೆ ನಡೆದದ್ದು ತಿಳಿಯುತ್ತದೆ. ಜಗಳದ ಬೇರು ಬಹಳ ಆಳದ್ದೇನಲ್ಲ. ಕೋಡಿ ಒಂದು ಮೊಳ ಎತ್ತರವಾದರೆ ಕೆರೆಯಲ್ಲಿ ನೀರು ಹೆಚ್ಚು ನಿಲ್ಲುತ್ತದೆ, ಮಾಳಗೊಂಡನಹಳ್ಳಿಯ ಗದ್ದೆಗಳಿಗೆ ಎರಡನೆಯ ಬೆಳೆಗೂ ನೀರು ಸಾಲುತ್ತದೆ. ಆದರೆ ಅದೇ ನೀರು ಬಡಗಣ ದಂಡೆಯಲ್ಲಿ ಹಿಂದಕ್ಕೆ ಹರಡಿಕೊಂಡು ಸೀಗಲಹಟ್ಟಿಯ ರಾಗಿಹೊಲಗಳನ್ನು ಮುಳುಗಿಸುತ್ತದೆ. ಕೋಡಿ ಒಂದು ಮೊಳ ತಗ್ಗಿದರೆ ಸೀಗಲಹಟ್ಟಿಯವರಿಗೆ ಕೆರೆಯಂಗಳದಲ್ಲೇ ಉಳಲು ಹೊಸ ನೆಲ ಸಿಗುತ್ತದೆ, ಕೆಳಗಿನವರ ಪೈರು ತೆನೆ ಕಟ್ಟುವ ಹೊತ್ತಿಗೆ ಒಣಗುತ್ತದೆ. ಒಂದು ಮೊಳ, ಅಷ್ಟೇ. ಆ ಒಂದು ಮೊಳಕ್ಕಾಗಿ ಎರಡೂ ಊರಿನವರು ತಲೆತಲಾಂತರ ಕತ್ತಿ ಮಸೆದರು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಒಂದು ದೊಡ್ಡ ಮಳೆಗೆ ಕೋಡಿಯ ಹಾಸುಗಲ್ಲು ಕಿತ್ತು ಹೋಯಿತಂತೆ. ಹಿರಿಯರು ಇಟ್ಟಿದ್ದ ಆ ಕಲ್ಲೇ ಅಳತೆಯಾಗಿತ್ತು. ಅದು ಹೋದ ಮೇಲೆ ನೀರು ಎಲ್ಲಿಯವರೆಗೆ ನಿಲ್ಲಬೇಕು ಎಂಬುದಕ್ಕೆ ಗುರುತೇ ಇಲ್ಲವಾಯಿತು. ಇನ್ನೇನು, ಮಾಳಗೊಂಡನಹಳ್ಳಿಯವರು ಹುಲ್ಲುಹೆಂಟೆ ಕಲ್ಲು ಹೊತ್ತು ತಂದು ಕೋಡಿಯನ್ನು ಎದೆಯೆತ್ತರ ಕಟ್ಟಿದರು. ಸೀಗಲಹಟ್ಟಿಯವರು ಗುದ್ದಲಿ ಹಿಡಿದು ಬಂದು ಅದನ್ನು ಮೊಣಕಾಲ ಮಟ್ಟಕ್ಕೆ ಕೆಡವಿದರು. ಮತ್ತೆ ಕಟ್ಟಿದರು, ಮತ್ತೆ ಕೆಡವಿದರು. ಕೋಡಿಯಿಂದ ಶುರುವಾದದ್ದು ಬಣವೆಗೆ ಬೆಂಕಿಯಿಡುವವರೆಗೂ ಹೋಯಿತು. ಬೆಳಗಾಗೆದ್ದು ನೋಡಿದರೆ ಯಾರದೋ ಉಳುವ ಎತ್ತಿನ ಕಾಲು ಕಡಿದಿರುತ್ತಿತ್ತು. ಬಾವಿಗೆ ಸಗಣಿ ಸುರಿದರು, ಮದುವೆಯ ಮೆರವಣಿಗೆಗೆ ಕಲ್ಲು ಬೀರಿದರು. ಇಷ್ಟಾದರೂ ಎರಡು ಊರಿನ ನಡುವೆ ಹೆಣ್ಣು ಕೊಡುವುದು ತರುವುದು ಮಾತ್ರ ನಿಲ್ಲಲಿಲ್ಲ. ಬೈದಾಡಲಿಕ್ಕಾದರೂ ಬೀಗರು ಬೇಡವೇ!

ಕೊನೆಗೆ ಸುದ್ದಿ ನಾಡಗೌಡರ ಕಿವಿಗೆ ಬಿತ್ತು. ಸುತ್ತಲಿನ ಊರುಗಳ ನ್ಯಾಯ ನೋಡುತ್ತಿದ್ದ ಅವರು ಮುಂಗೋಪಿ ಮನುಷ್ಯ. ಬೇಸಗೆಯಲ್ಲಿ ಕೆರೆ ಬತ್ತಿದ್ದಾಗ ಬಂದು ಏರಿಯ ಮೇಲೆ ಕಂಬಳಿ ಹಾಸಿಕೊಂಡು ಕೂತು, “ಮಣ್ಣು ಹೊರಿಸಿ,” ಎಂದರು. ಗಡಿಯ ತಕರಾರಿಗೆ ಆ ಸೀಮೆಯಲ್ಲಿ ಅದೇ ಕಡೆಯ ಕಟ್ಟಳೆ. ಎರಡು ಕಡೆಯವರೂ ಒಪ್ಪಿದ ಒಬ್ಬರು ಮಿಂದು, ಒದ್ದೆ ಬಟ್ಟೆಯಲ್ಲೇ ಆ ನೆಲದ ಮಣ್ಣನ್ನು ತಲೆಯ ಮೇಲೆ ಹೊತ್ತು ನಡೆಯಬೇಕು. ಅವರು ಕಾಲಿಟ್ಟದ್ದೇ ಗಡಿ. ಸುಳ್ಳು ಹೆಜ್ಜೆ ಇಟ್ಟರೆ ಹೊತ್ತ ಮಣ್ಣೇ ಅವರ ಮನೆತನವನ್ನು ಮುಚ್ಚುತ್ತದೆ ಎಂಬ ನಂಬಿಕೆ. ಕೆರೆಯ ತಕರಾರಿಗಾದರೆ ನೀರು ತುಂಬಿದಾಗ ನಿಲ್ಲುವ ಅಂಚನ್ನೇ ಹಿಡಿದು ಏರಿಯ ಈ ತುದಿಯಿಂದ ಹೊರಟು ಕೆರೆಯ ಸುತ್ತ ಬಂದು ಕೋಡಿಯಲ್ಲಿ ಮಣ್ಣು ಇಳಿಸಬೇಕು. ಇಳಿಸಿದ ಮಟ್ಟಕ್ಕೆ ಹಾಸುಗಲ್ಲು. ಸರಿ, ಹೊರುವವರು ಯಾರು? ಸೀಗಲಹಟ್ಟಿಯವರು ಒಬ್ಬ ಮುದುಕನ ಹೆಸರು ಹೇಳಿದರೆ ಮಾಳಗೊಂಡನಹಳ್ಳಿಯವರು ಮೂಗು ಮುರಿದು, “ಅವನು ಸ್ವಂತ ಹೆಂಡತಿಗೇ ಸುಳ್ಳು ಹೇಳಿದವನು,” ಎಂದರು. ಇವರು ಒಬ್ಬನ ಹೆಸರು ಹೇಳಿದರೆ ಅವರು ಅವನ ಅಜ್ಜನ ಕಳ್ಳತನ ಎತ್ತಿದರು. ಹೀಗೆ ಎರಡು ಊರಿನ ಗಂಡಸರ ಮಾನವೆಲ್ಲ ಹರಾಜಾಗುತ್ತಿರಲು ನಾಡಗೌಡರು ತಾಳ್ಮೆಗೆಟ್ಟು, “ನಿಮ್ಮಲ್ಲಿ ಗಂಡಸು ಸಿಗದಿದ್ದರೆ ಹೆಂಗಸಿನ ಹೆಸರಾದರೂ ಹೇಳಿ ಸಾಯಿರಿ!” ಎಂದು ಕೂಗಿದರು. ಆಗ ಎರಡೂ ಕಡೆಯಿಂದ ಒಂದೇ ಉಸಿರಿಗೆ ಒಂದೇ ಹೆಸರು ಬಂತು, ಜುಂಜಕ್ಕ. ಆ ಎರಡು ಊರು ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು, ಅದೇ ಕೊನೆ ಎನ್ನುತ್ತಾರೆ.

ಜುಂಜಕ್ಕ ಸೀಗಲಹಟ್ಟಿಯ ಹಿರಿತನದ ಮನೆಯ ಮಗಳು. ಅಪ್ಪ ಅಮ್ಮ ತೀರಿದ ಮೇಲೆ ಅಣ್ಣ ಸೀಬಣ್ಣನೇ ಹಿರಿತನ ಮಾಡುತ್ತಿದ್ದ. ಅವಳನ್ನು ಕೊಟ್ಟದ್ದು ಮಾಳಗೊಂಡನಹಳ್ಳಿಯ ಗೌಡ ಬೈಲಪ್ಪನ ಮಗ ಓಬಯ್ಯನಿಗೆ. ಅಣ್ಣ ಒಂದು ಊರಿನ ಮುಂದಾಳು, ಮಾವ ಇನ್ನೊಂದು ಊರಿನ ಮುಂದಾಳು. ಸೀಗಲಹಟ್ಟಿಯವರು ಅವಳು ನಮ್ಮ ಮನೆಮಗಳು, ತವರಿಗೆ ಎರಡು ಬಗೆಯುವಳೇ ಎಂದುಕೊಂಡು ಒಪ್ಪಿದರು. ಮಾಳಗೊಂಡನಹಳ್ಳಿಯವರು ಅವಳು ನಮ್ಮ ಸೊಸೆ, ನಮ್ಮ ಗದ್ದೆಯ ಅನ್ನ ಉಣ್ಣುವವಳು, ನಮ್ಮ ಮಾತು ಮೀರುವಳೇ ಎಂದುಕೊಂಡು ಒಪ್ಪಿದರು. ಅವಳಿಗೂ ಒಂದು ಮನಸ್ಸಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಕರೆದು ಕೇಳಿದವರೂ ಇಲ್ಲ. ಅವಳ ಪಾಡು ಹೇಗಿತ್ತೆಂದರೆ, ಮದುವೆಯಾಗಿ ವರ್ಷಗಳು ಕಳೆದಿದ್ದರೂ ಮಡಿಲು ತುಂಬಿರಲಿಲ್ಲ. ಅತ್ತೆಮನೆಯಲ್ಲಿ ಅವಳು ಇದ್ದದ್ದು ಬೈಲಪ್ಪಗೌಡನ ಮರ್ಜಿಯ ಮೇಲೆ. ಅವನು ಮುನಿದರೆ ಹೋಗಲು ಇದ್ದದ್ದು ಅಣ್ಣನ ಮನೆಯೊಂದೇ. ಎರಡು ಬಾಗಿಲಲ್ಲಿ ಒಂದು ಮುಚ್ಚಿದರೆ ಇನ್ನೊಂದರ ಧೈರ್ಯ ಬೇಕಿತ್ತು ಅವಳಿಗೆ. ಈಗ ಮಣ್ಣು ಹೊತ್ತು ಯಾವ ಕಡೆ ವಾಲಿದರೂ ಒಂದು ಬಾಗಿಲು ಮುಚ್ಚುವುದು ಖಂಡಿತ. ಯಾವ ಕಡೆಗೂ ವಾಲದೆ ನಡೆದರೆ? 

ನಿಜವಾದ ಅಂಚು ಯಾವುದು ಎಂದು ಅವಳಿಗೆ ಗೊತ್ತಿತ್ತು. ಅವಳೊಬ್ಬಳಿಗೇ ಏನು, ತಲೆ ನರೆತ ಎಲ್ಲರಿಗೂ ಗೊತ್ತಿತ್ತು, ಬಾಯಿಬಿಡುವವರು ಮಾತ್ರ ಇರಲಿಲ್ಲ. ಬಡಗಣ ದಂಡೆಯಲ್ಲಿ ಸಾಲು ಹೊಂಗೆಮರಗಳಿದ್ದವು. ಕೆರೆ ತುಂಬಿದ ವರ್ಷ ನೀರು ಬಂದು ಆ ಮರಗಳ ಬೇರು ತೋಯಿಸಿ ನಿಲ್ಲುತ್ತಿತ್ತು, ಅದರಾಚೆಗೆ ಒಂದು ಗೇಣೂ ಹೋಗುತ್ತಿರಲಿಲ್ಲ. ಸೀಗಲಹಟ್ಟಿಯವರ ವಾದವೆಂದರೆ ನೀರು ಕೆಳಗಿನ ಅಗಸರ ಬಂಡೆಗೇ ನಿಲ್ಲುತ್ತಿತ್ತು ಎಂದು. ಮಾಳಗೊಂಡನಹಳ್ಳಿಯವರದು, ಮರಗಳನ್ನೂ ದಾಟಿ ಸೀಗಲಹಟ್ಟಿಯ ದನದ ದೊಡ್ಡಿಯವರೆಗೆ ಬರುತ್ತಿತ್ತು ಎಂದು. ಬಂಡೆಗೂ ಮರಗಳಿಗೂ ನಡುವಿನ ಫಲವತ್ತಾದ ಮಣ್ಣಿನಲ್ಲಿ ಆಗಲೇ ಸೀಬಣ್ಣ ಬದು ಹಾಕಿ ಜೋಳ ಬೆಳೆದಿದ್ದ. ನಾಳೆ ಮಣ್ಣು ಹೊರುವುದೆಂದರೆ ಇಂದು ಮಧ್ಯಾಹ್ನ ಅವನು ತಂಗಿಯನ್ನು ಸೇದುವ ಬಾವಿಯ ಹತ್ತಿರ ತಡೆದು ನಿಲ್ಲಿಸಿದ. ಅವಳೇ ಮೊದಲು, “ಅಣ್ಣಾ, ಹೊಂಗೆಮರದ ಬುಡಕ್ಕೆ ನೀರು ಬರ್ತಿತ್ತಲ್ಲ. ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಆ ನೀರಲ್ಲಿ ನಡೆದೋನು ನೀನೇ ಅಲ್ವಾ?” ಎಂದಳು. ಸೀಬಣ್ಣ ಅತ್ತ ಇತ್ತ ನೋಡಿ, “ಬರ್ತಿತ್ತು. ಈಗ ಬರ್ತಿರಲಿಲ್ಲ ಅನ್ನು,” ಎಂದ. ಅವಳು ಸೇದಿದ ನೀರನ್ನು ಕೊಡಕ್ಕೆ ಸುರಿದಳು. ಅವನ ಮುಖ ಬಿಗಿಯಿತು. “ನೋಡು ಜುಂಜಿ, ನನ್ನ ಹೊಲ ನೀರಿಗೆ ಹಾಕಿದೆ ಅಂದ್ರೆ ನಿನಗೆ ತವರು ಇಲ್ಲ ಅಂತ ತಿಳ್ಕೊ. ಅಪ್ಪನ ಆಣೆ,” ಎಂದವನು ಅವಳ ಕೊಡವನ್ನೂ ಎತ್ತಿಕೊಡದೆ ಹೊರಟುಹೋದ.

ಮನೆಗೆ ಬಂದರೆ ಮಾವ ಜಗುಲಿಯ ಮೇಲೆ ಕಾದು ಕೂತಿದ್ದ. ಬೈಲಪ್ಪಗೌಡ ದನಿ ಏರಿಸುವವನಲ್ಲ, ನಗುನಗುತ್ತಲೇ ಕತ್ತು ಕೊಯ್ಯುವ ಆಸಾಮಿ. “ಬಾಮ್ಮ,” ಎಂದು ಹತ್ತಿರ ಕರೆದು, “ಓಬಯ್ಯಂಗೆ ಇನ್ನೊಂದು ಹೆಣ್ಣು ನೋಡಿ ಅಂತ ಊರೆಲ್ಲ ಹೇಳ್ತಿದೆ. ನಾನೇ ಬೇಡ ಅಂತ ತಡೆದಿಟ್ಟಿದೀನಿ. ನಾಳೆ ದೊಡ್ಡಿಯ ಬಾಗಿಲಿಗೆ ಕಾಲಿಟ್ಟು ಬಾ, ಮುಂದಕ್ಕೂ ತಡೀತೀನಿ,” ಎಂದ. ಅವನ ಬೆನ್ನ ಹಿಂದೆ ಕೂತು ಓಬಯ್ಯ ಹಗ್ಗ ಹೊಸೆಯುತ್ತಿದ್ದ. ಜುಂಜಕ್ಕ ಒಳಗೆ ಹೋಗುವಾಗ ಅವನ ಹತ್ತಿರ ನಿಂತು, “ನೀವು ಏನಂತೀರಿ?” ಎಂದು ಕೇಳಿದಳು. ಅವನು ಹಗ್ಗದಿಂದ ಕಣ್ಣೆತ್ತದೆ, “ಅಪ್ಪಯ್ಯ ಹೇಳಿದ ಹಾಗೆ,” ಎಂದನಂತೆ. ಆ ಹಗ್ಗ ಮಾತ್ರ ಬಹಳ ಗಟ್ಟಿಯಾಗಿ ಬಂತು ಎಂದು ಸೀಗಲಹಟ್ಟಿಯವರು ಇಂದಿಗೂ ಹಂಗಿಸುತ್ತಾರೆ. ತಮ್ಮವನು ಬಾವಿಯ ಹತ್ತಿರ ಆಡಿದ ಮಾತನ್ನು ಅವರು ಎತ್ತುವುದಿಲ್ಲ.

ಮರುದಿನ ಬಿಸಿಲೇರುವ ಮುಂಚೆಯೇ ಎರಡೂ ಊರು ಏರಿಯ ಮೂಡಣ ತುದಿಯಲ್ಲಿ ನೆರೆದವು. ಒಂದು ಊರಿನವರು ಎಡಕ್ಕೆ, ಒಂದು ಊರಿನವರು ಬಲಕ್ಕೆ, ನಡುವೆ ನಾಡಗೌಡರ ದೊಣ್ಣೆಯವರು. ನಾಡಗೌಡರು ಕಟ್ಟಳೆ ಓದಿ ಹೇಳಿದರು. ಮಣ್ಣು ಹೊತ್ತವರ ಮುಂದೆ ಯಾರೂ ಹೋಗಕೂಡದು, ಎಲ್ಲರೂ ಹಿಂದೆ ಬರಬೇಕು. ಹೊತ್ತವರು ನಡೆಯುವಾಗ ಮಾತಾಡಕೂಡದು, ತಿರುಗಿ ನೋಡಕೂಡದು. ಕೋಡಿಯಲ್ಲಿ ಮಣ್ಣು ಇಳಿಸಿದ ಮೇಲೆ ಜನರ ಕಡೆ ತಿರುಗಿ, ಮುಖಕ್ಕೆ ಮುಖ ಕೊಟ್ಟು, “ಇದೇ ನೀರು” ಎನ್ನಬೇಕು. ಹೆಜ್ಜೆ ತಪ್ಪಿದೆ ಎಂದು ಮನಸ್ಸಿಗೆ ಬಂದರೆ ತಿರುಗಿದಾಗಲೇ “ಕಾಲು ತಪ್ಪಿತು” ಎನ್ನಬಹುದು, ಆಗ ನಡೆದದ್ದು ಸುಳ್ಳಾಗಿ ಇನ್ನೊಬ್ಬರು ಮಣ್ಣು ಹೊರಬೇಕು. ಎರಡರಲ್ಲಿ ಒಂದು ಹೇಳುವವರೆಗೆ ಇಳಿಸಿದ ಮಣ್ಣನ್ನು ಯಾರೂ ಮುಟ್ಟಕೂಡದು. ಜುಂಜಕ್ಕ ಮಿಂದು ಒದ್ದೆ ಸೀರೆಯಲ್ಲಿ ಬಂದಳು. ಕೆರೆಯಂಗಳದ ಕಪ್ಪು ಮಣ್ಣನ್ನು ಕುಕ್ಕೆಗೆ ತುಂಬಿ ತಲೆಗೆ ಏರಿಸಿದರು. 

ಬತ್ತಿದ ಕೆರೆಯ ಅಂಚಿನಲ್ಲಿ ನೀರು ಬಿಟ್ಟುಹೋದ ಬಸವನಹುಳುವಿನ ಚಿಪ್ಪುಗಳು ಬೆಳ್ಳಗೆ ಸಾಲುಗಟ್ಟಿ ಬಿದ್ದಿದ್ದವು. ಅವಳು ಆ ಸಾಲನ್ನು ಹಿಡಿದು ನಡೆದಳು. ಹಿಂದೆ ನಾಡಗೌಡರ ಆಳುಗಳು ಹೆಜ್ಜೆ ಬಿದ್ದಲ್ಲೆಲ್ಲ ಗಡಿಗಲ್ಲು ನೆಡುತ್ತ ಬಂದರು. ಅಗಸರ ಬಂಡೆ ಎಡಗಡೆ ದೂರದಲ್ಲೇ ಉಳಿಯಿತು. ಅವಳು ಅತ್ತ ಇಳಿಯುತ್ತಾಳೆ, ಈಗ ಇಳಿಯುತ್ತಾಳೆ ಎಂದು ಸೀಗಲಹಟ್ಟಿಯವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದರು. ಇಳಿಯಲಿಲ್ಲ. ನೆಟ್ಟಗೆ ಹೊಂಗೆಮರದ ಬೇರಿಗೆ ಬಂದಳು. ಸೀಬಣ್ಣನ ಜೋಳದ ಹೊಲವಿಡೀ ನೀರಿನ ಪಾಲಾಯಿತು. ಮಾಳಗೊಂಡನಹಳ್ಳಿಯವರು ಕುಣಿದು ಕುಪ್ಪಳಿಸಿದರು. “ನೋಡ್ರಯ್ಯ ನಮ್ಮ ಸೊಸೇನ!” ಎಂದು ಬೈಲಪ್ಪಗೌಡ ಮೀಸೆ ತಿರುವಿದ. ಸೀಗಲಹಟ್ಟಿಯ ಹೆಂಗಸರು ಮಣ್ಣು ತೂರಿ ಶಾಪ ಹಾಕಿದರು. ಅವಳ ಅತ್ತಿಗೆ, ಸೀಬಣ್ಣನ ಹೆಂಡತಿ, ನೆಲಕ್ಕೆ ಉಗಿದು, “ನಮ್ಮ ಹೊಟ್ಟೆ ಉರಿಸಿದೆಯಲ್ಲೇ, ನಿನ್ನ ಕಾಲು ಮುರಿಯ! ಉಂಡ ಮನೆಗೆ ಎರಡು ಬಗೆದೆಯಲ್ಲೇ!” ಎಂದು ಕಿರುಚಿದಳು. ಯಾರೋ ಎಸೆದ ಹೆಂಟೆ ಬೆನ್ನಿಗೆ ಬಿದ್ದು ಒಡೆಯಿತು. ಜುಂಜಕ್ಕ ತಿರುಗದೆ ನಡೆದಳು. ಕುಕ್ಕೆಯ ಕೆಸರು ನೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು, ಅದರ ಜೊತೆ ಕಣ್ಣೀರೂ ಇತ್ತು ಎನ್ನುತ್ತಾರೆ. ಹಿಂದೆ ಇದ್ದವರು ಕಂಡದ್ದು ಹೇಗೋ!

ಮಾಳಗೊಂಡನಹಳ್ಳಿಯವರ ಸಂಭ್ರಮ ಹೊಂಗೆಮರದ ಸಾಲು ಮುಗಿಯುವವರೆಗೆ ಮಾತ್ರ. ಅಲ್ಲಿಂದ ಅವಳು ದನದ ದೊಡ್ಡಿಯ ಕಡೆ ಮೇಲೇರಬೇಕಿತ್ತು, ಮಾವನ ಮಾತು ಹಾಗಿತ್ತು. ಅವಳು ಏರಲಿಲ್ಲ. ಚಿಪ್ಪಿನ ಸಾಲು ಬಿಡದೆ ದಂಡೆಯ ಬಾಗಿನಲ್ಲಿ ಹೊರಳಿ ಪಡುವಣ ಬಂಡೆಗುಡ್ಡದ ಬುಡಕ್ಕೆ ಬಂದಳು. ಬಂಡೆಯ ಮೇಲೆ ಹಳೆಯ ನೀರು ಬಿಟ್ಟ ಬಿಳಿ ಗೆರೆ ಇತ್ತು, ಅದಕ್ಕೆ ಸರಿಯಾಗಿ ನಡೆದು ಕೋಡಿಯ ಬಾಯಿಗೆ ಬಂದಳು. ಅಲ್ಲಿ ಮಾಳಗೊಂಡನಹಳ್ಳಿಯವರು ಹೊಸದಾಗಿ ಕಟ್ಟಿದ ಕಟ್ಟೆ ಎದೆಯೆತ್ತರ ನಿಂತಿತ್ತು. ಜುಂಜಕ್ಕ ಅದರ ಮೇಲಕ್ಕೆ ಕೈ ಚಾಚಲಿಲ್ಲ. ಬಾಗಿ, ಕಟ್ಟೆಯ ನಡುವಿನಿಂದ ಎರಡು ಕಲ್ಲು ಕಿತ್ತು ಪಕ್ಕಕ್ಕೆ ಹಾಕಿ, ಬಿಳಿ ಗೆರೆಯ ಮಟ್ಟಕ್ಕೆ ಮಣ್ಣು ಸುರಿದಳು. ಅಲ್ಲಿಗೆ ಮೇಲಿನ ಕಟ್ಟೆಯೆಲ್ಲ ಸುಳ್ಳಾಯಿತು, ಎರಡನೆಯ ಬೆಳೆಯ ಆಸೆಯೂ ಹೋಯಿತು. ಬೈಲಪ್ಪಗೌಡನ ಮೀಸೆಯ ಮೇಲಿದ್ದ ಕೈ ಹಾಗೇ ನಿಂತಿತು. ಆಮೇಲೆ ಎದ್ದ ಗದ್ದಲ ಕೇಳಬಾರದು. ಇಷ್ಟು ಹೊತ್ತು ಒಬ್ಬರನ್ನೊಬ್ಬರು ನುಂಗುವ ಹಾಗೆ ನೋಡುತ್ತಿದ್ದ ಎರಡು ಊರಿನವರು ಈಗ ಹೆಗಲಿಗೆ ಹೆಗಲು ಕೊಟ್ಟು ನಿಂತು ಅವಳ ಬೆನ್ನಿಗೆ ಬಾಯಿಗೆ ಬಂದಂತೆ ಬೈದರು. “ನಮ್ಮನೆ ಹೊಸ್ತಿಲು ತುಳಿದರೆ ಕಾಲು ಕಡೀತೀನಿ,” ಎಂದ ಮಾವ, ಈ ಸಲ ನಗದೆ. “ನನಗೆ ತಂಗಿ ಇರಲೇ ಇಲ್ಲ,” ಎಂದ ಅಣ್ಣ. ಅವಳ ಎರಡು ಬಾಗಿಲೂ ಒಂದೇ ಗಳಿಗೆಯಲ್ಲಿ ಮುಚ್ಚಿದವು.

ನಾಡಗೌಡರು ದೊಣ್ಣೆ ಕುಟ್ಟಿ ಸದ್ದಡಗಿಸಿ, “ತಿರುಗಮ್ಮ, ತಿರುಗಿ ಹೇಳು,” ಎಂದರು. ಜುಂಜಕ್ಕ ತಿರುಗಲಿಲ್ಲ. ಮಣ್ಣಿನ ಪಕ್ಕದಲ್ಲೇ, ಬಂಡೆಯ ಕಡೆ ಮುಖ ಮಾಡಿ, ಕಾಲು ಮಡಿಸಿ ಕೂತುಬಿಟ್ಟಳು. ಎರಡನೆಯ ಸಲ ಕರೆದರು, ಗದರಿ ಕರೆದರು. ಬಿಸಿಲು ನೆತ್ತಿಗೆ ಬಂತು. ಆಗ ಒಬ್ಬೊಬ್ಬರ ತಲೆಗೂ ಮೆಲ್ಲಗೆ ಹೊಕ್ಕಿತು. ತಿರುಗಿದ್ದರೆ ಎರಡು ಊರೂ ಸೇರಿ ಹೆದರಿಸಿ ಅವಳ ಬಾಯಲ್ಲಿ “ಕಾಲು ತಪ್ಪಿತು” ಎನಿಸದೆ ಬಿಡುತ್ತಿರಲಿಲ್ಲ. ಅವಳು ತಿರುಗಿ “ಕಾಲು ತಪ್ಪಿತು” ಎನ್ನದ ಹೊರತು ಬೇರೆ ಯಾರೂ ಮಣ್ಣು ಹೊರುವಂತಿಲ್ಲ, ಆ ಮಣ್ಣನ್ನು ಮುಟ್ಟುವಂತಿಲ್ಲ, ಕೋಡಿಯನ್ನು ಏರಿಸುವಂತಿಲ್ಲ, ಇಳಿಸುವಂತಿಲ್ಲ. ಅವಳು ತಿರುಗದೆ ಕೂತಿರುವವರೆಗೆ ಇಬ್ಬರ ಕೈಯೂ ಕಟ್ಟಿದ ಹಾಗೆ. ನಾಡಗೌಡರಿಗೆ ಇದು ಹೊಳೆದಾಗ ಅವರು ಗಡ್ಡ ಕೆರೆದುಕೊಂಡು ಬಹಳ ಹೊತ್ತು ನಕ್ಕರಂತೆ. ಕಾವಲಿಗೆ ನಾಲ್ಕು ಆಳುಗಳನ್ನು ಬಿಟ್ಟು, “ಅವಳು ಮುಖ ಕೊಟ್ಟ ದಿನ ನನಗೆ ಹೇಳಿಕಳಿಸಿ. ಅಲ್ಲಿಯವರೆಗೆ ಒಬ್ಬ ಒಂದು ಕಲ್ಲು ಮುಟ್ಟಿದರೂ ಅವನ ಊರಿಗೆ ಊರನ್ನೇ ಎಬ್ಬಿಸ್ತೀನಿ,” ಎಂದು ಕುದುರೆ ಹತ್ತಿದರು.

ಆಮೇಲಿನ ದಿನಗಳ ನಾಟಕ ಹೇಳತೀರದು. ಬೆಳಗ್ಗೆ ಸೀಬಣ್ಣ ಬಳೆ ಅರಿಶಿನ ತಂದು, “ತಂಗೀ, ಸಿಟ್ಟಿನಲ್ಲಿ ಆಡಿದ ಮಾತು ಕಣೇ. ತಿರುಗಿ ಒಂದು ಮಾತು ಹೇಳು, ತವರು ನಿಂದೇ,” ಎಂದು ಬೆನ್ನಿಗೆ ಹೇಳುತ್ತಿದ್ದ. ಅವನು ಅತ್ತ ಹೋಗುತ್ತಲೂ ಬೈಲಪ್ಪಗೌಡ ಹೊಸ ಸೀರೆ ತಂದು, “ಬಾಮ್ಮ, ಮನೆ ಬೆಳಗೋಳು ನೀನು, ತಿರುಗಿ ಕಾಲು ತಪ್ಪಿತು ಅನ್ನು,” ಎಂದು ಅದೇ ಬೆನ್ನಿಗೆ ಹೇಳುತ್ತಿದ್ದ. ಒಳ್ಳೆಯ ಮಾತು ಫಲಿಸದಾಗ ಇಬ್ಬರೂ ಹಲ್ಲು ಕಡಿದು ಬೈದು ಹೋಗುತ್ತಿದ್ದರು. ಅವಳಿಗೆ ಅಂಬಲಿ ತಂದುಕೊಟ್ಟವರು ನಾಡಗೌಡರ ಆಳುಗಳು, ಸ್ವಂತದವರಲ್ಲ. ಕಡೆಗೊಂದು ಸಂಜೆ ಓಬಯ್ಯ ಮುದ್ದೆ ಸೊಪ್ಪಿನ ಸಾರು ಕಟ್ಟಿಕೊಂಡು ಬಂದ. ಅಪ್ಪ ಕಳಿಸಿದನೋ ತಾನಾಗಿ ಬಂದನೋ, ಎರಡು ಊರಿನವರೂ ಎರಡು ಥರ ಹೇಳುತ್ತಾರೆ. ಬುತ್ತಿ ಪಕ್ಕಕ್ಕಿಟ್ಟು, “ಮನೆಗೆ ಬಾ,” ಎಂದ. ಅಷ್ಟು ದಿನಗಳಲ್ಲಿ ಅವಳು ಬಾಯಿ ಬಿಟ್ಟದ್ದು ಅದೊಂದೇ ಸಲ. ಬಂಡೆಯನ್ನೇ ನೋಡುತ್ತ, “ಯಾವ ಮನೆಗೆ?” ಎಂದಳು.  ಓಬಯ್ಯ ಬಂದ ದಾರಿ ಹಿಡಿದ. ಅಲ್ಲೇ ಪಕ್ಕದಲ್ಲಿ ಕೂರಬಹುದಿತ್ತು, ಕೂರಲಿಲ್ಲ.

ಮುಂಗಾರು ಇಳಿಯಿತು. ಹಳ್ಳಗಳು ಕೆಂಪು ನೀರು ಹೊತ್ತು ಕೆರೆಗೆ ನುಗ್ಗಿದವು. ದಿನದಿಂದ ದಿನಕ್ಕೆ ನೀರು ಏರುತ್ತಿದ್ದರೆ ಎರಡು ಊರಿನವರೂ ತಮ್ಮ ತಮ್ಮ ದಂಡೆಯಲ್ಲಿ ನಿಂತು ನೋಡಿದರು. ಎಲ್ಲೋ ಒಂದು ಕಡೆ ನೀರು ಗಡಿಗಲ್ಲನ್ನು ದಾಟಿದರೆ ಸಾಕು, ಇನ್ನೊಂದು ಕಡೆ ಕಲ್ಲಿಗಿಂತ ಕೆಳಗೇ ನಿಂತರೆ ಸಾಕು, ಹೆಜ್ಜೆ ಸುಳ್ಳು ಎಂದು ಕೂಗಬಹುದಿತ್ತು. ನೀರು ಯಾರ ಅಣ್ಣನೂ ಅಲ್ಲ, ಮಾವನೂ ಅಲ್ಲ. ಅದು ಸುತ್ತ ಎಲ್ಲ ಗಡಿಗಲ್ಲುಗಳ ಬುಡವನ್ನೂ ಒಟ್ಟಿಗೆ ಮುಟ್ಟಿತು, ಹೊಂಗೆಮರದ ಬೇರನ್ನು ತೋಯಿಸಿತು, ಅದೇ ಗಳಿಗೆಯಲ್ಲಿ ಕೋಡಿಯಲ್ಲಿ ಅವಳು ಇಳಿಸಿದ ಮಣ್ಣಿನ ಮೇಲೆ ಹರಿದು ಆಚೆಗೆ ಬಿತ್ತು.  ಮೊದಲು ಕಣ್ಣು ತಗ್ಗಿಸಿದವರು ಯಾರು ಎಂಬುದರ ಬಗ್ಗೆ ಈಗಲೂ ಜಗಳವಿದೆ. ಎಲ್ಲರೂ ಕೋಡಿಗೆ ಓಡಿ ಬಂದಾಗ ಜುಂಜಕ್ಕ ಇರಲಿಲ್ಲ. ಅವಳು ಕೂತಿದ್ದ ಜಾಗದಲ್ಲಿ ಅವಳು ಕೂತಿದ್ದ ಹಾಗೆಯೇ ಒಂದು ಕಲ್ಲು ಇತ್ತು, ಅವಳೇ ಕಲ್ಲಾದಳು ಎನ್ನುತ್ತಾರೆ. ಇನ್ನು ಕೆಲವರು, ಅವಳು ಕೋಡಿಯ ನೀರಿನ ಜೊತೆಗೇ ಎದ್ದು ಹಳ್ಳದ ದಾರಿ ಹಿಡಿದು ಈ ಎರಡೂ ಊರು ಕಾಣದ ಸೀಮೆಗೆ ಹೋದಳು, ಕಾವಲಿನ ಆಳುಗಳು ಕಂಡೂ ಕಾಣದವರಂತೆ ಇದ್ದರು, ನಾಚಿಕೆ ತಡೆಯಲಾರದೆ ಊರವರೇ ಆ ಕಲ್ಲು ನಿಲ್ಲಿಸಿದರು ಎನ್ನುತ್ತಾರೆ. ಮೊದಲನೆಯದು ಪೂಜೆಗೆ ಅನುಕೂಲದ ಮಾತು. ಅವಳ ಮೇಲೆ ಮರುಕವಿರುವವರು ಎರಡನೆಯದನ್ನೇ ನಂಬಲಿ, ಎಲ್ಲಾದರೂ ಒಂದು ಒಲೆಯ ಮುಂದೆ ಬೆಚ್ಚಗೆ ಕೂತು ಬದುಕಿದಳು ಎಂದುಕೊಳ್ಳಲಿ.

ಮುಖ ಕೊಡದೆ ಹೋದವಳ ಮೇಲೆ ಹಕ್ಕು ಸಾಧಿಸಲು ಎರಡು ಊರೂ ತಡಮಾಡಲಿಲ್ಲ. ಅಣ್ಣನ ಕಡೆಯವರು ನಮ್ಮ ಮನೆಮಗಳು, ಮೊದಲ ಮಡಿಲಕ್ಕಿ ನಮ್ಮದು ಎಂದರು. ಮಾವನ ಕಡೆಯವರು ನಮ್ಮ ಸೊಸೆ, ಮೊದಲ ಸೀರೆ ನಮ್ಮದು ಎಂದರು. ಬದುಕಿದ್ದಾಗ ಹೊಸ್ತಿಲು ತುಳಿಯಬೇಡ ಎಂದವರೇ ಈಗ ಕಲ್ಲಿಗೆ ಸೀರೆ ಉಡಿಸಲು ಹೊಡೆದಾಡಿದರು. ಒಂದು ವರ್ಷ ಮಾಳಗೊಂಡನಹಳ್ಳಿಯವರು ಹಾರೆ ತಂದು ಕಲ್ಲನ್ನು ತಮ್ಮೂರ ಕಡೆ ತಿರುಗಿಸಲು ನೋಡಿದರಂತೆ. ಹಾರೆ ಬಾಗಿತೇ ಹೊರತು ಕಲ್ಲು ಕದಲಲಿಲ್ಲ. ಸೀಗಲಹಟ್ಟಿಯವರು ಎತ್ತು ಹೂಡಿ ಹಗ್ಗ ಕಟ್ಟಿ ಎಳೆದರು, ಹಗ್ಗ ಹರಿಯಿತು. ಆಮೇಲೆ ಎರಡು ಊರಿನವರೂ ಒಬ್ಬರನ್ನೊಬ್ಬರು ನೋಡಿ ನಕ್ಕರು ಎಂದು ಹೇಳಿದರೆ ಕಥೆಗೆ ಚೆಂದ. ಆದರೆ ಹಾಗಾಗಲಿಲ್ಲ. ಇಂದಿಗೂ ಅವರು ಒಂದೇ ಬಾವಿಯ ನೀರು ಕುಡಿಯುವುದಿಲ್ಲ. ಕೋಡಿಯ ಮಟ್ಟವನ್ನು ಮಾತ್ರ ಯಾರೂ ಮುಟ್ಟಿಲ್ಲ. ಸರ್ಕಾರದವರು ಬಂದು ಹಾಸುಗಲ್ಲಿಗೆ ಸಿಮೆಂಟು ಹಾಕಿದಾಗಲೂ ಎರಡು ಊರಿನ ಹಿರಿಯರು ಹಾಕಿ ಮುಗಿಯುವವರೆಗೂ ಅಳತೆಯ ದಾರ ಹಿಡಿದು ಎರಡು ಬದಿಯಲ್ಲಿ ಕೂತಿದ್ದರು.

ಈಗ ಹೋದವರಿಗೂ ಅಲ್ಲಿ ಒಂದು ನೋಟ ಕಾಣಸಿಗುತ್ತದೆ. ಪೂಜೆಗೆಂದು ಬಂದವರು ಅದನ್ನು ಗಮನಿಸದೆ ಹೋಗುವುದೂ ಉಂಟು. ಸುತ್ತಲಿನ ಊರುಗಳಲ್ಲಿ ಎಲ್ಲಾದರೂ ತವರಿಗೂ ಗಂಡನ ಮನೆಗೂ ಜಟಾಪಟಿಯಾಗಿ, ನೀನು ಯಾರ ಕಡೆ ಹೇಳು ಎಂದು ಎರಡು ಕಡೆಯವರೂ ಹೆಣ್ಣುಮಗಳನ್ನು ಹಿಂಡುವಾಗ, ಅವಳು ಸುಮ್ಮನೆ ಎದ್ದು ಇಲ್ಲಿಗೆ ಬರುತ್ತಾಳೆ. ಹಣ್ಣು ಕಾಯಿ ತರುವುದಿಲ್ಲ, ಹರಕೆ ಹೊರುವುದಿಲ್ಲ. ಕಲ್ಲಿನ ಬೆನ್ನಿಗೆ ತನ್ನ ಬೆನ್ನು ಒರಗಿಸಿ, ಕಾಲು ಚಾಚಿ, ಕೆರೆಯ ಕಡೆ ನೋಡುತ್ತ ಕೂರುತ್ತಾಳೆ. ಬಿಸಿಲಿಗೆ ಕಾದ ಆ ಕಲ್ಲು ಸಂಜೆಯವರೆಗೂ ಬೆಚ್ಚಗಿರುತ್ತದೆ. ಅವಳ ಮನೆಯ ಗಂಡಸರು ಹುಡುಕಿಕೊಂಡು ಬಂದರೂ ಏರಿಯ ಮೇಲೇ ನಿಲ್ಲಬೇಕು, ಕೆಳಗಿಳಿದು ಬರಕೂಡದು. ಕೂಗಿ ಕರೆಯಲು ಅಡ್ಡಿಯಿಲ್ಲ. ಅವಳು ಓಗೊಡಲೇಬೇಕೆಂಬ ಕಟ್ಟಳೆ ಇಲ್ಲ.